ನಾಳೆ ಬಾ ಮೇಷ್ಟ್ರು

ಮೇಷ್ಟ್ರ ಹನ್ನೊಂದನೆಯ ದಿನದ ಊಟ ಮುಗಿಸಿ ಕೈ ತೊಳೆಯಲು ಹೋದಾಗ, ನೀರಿನ ಡ್ರಮ್ಮಿನ ಪಕ್ಕದಲ್ಲಿ ಒಬ್ಬಳು ಹುಡುಗಿ ನನಗಾಗಿ ಕಾಯುತ್ತಿದ್ದಳು. ನಮ್ಮ ಶಾಲೆಯಲ್ಲೇ ಓದಿದವಳು. ಈಗ ಹಾಸನದ ಒಂದು ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗಿಗೆ ದಿನ ಗೊತ್ತುಮಾಡಿ ಚೀಟಿ ಕೊಡುವ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಇನ್ನೂ ಎಲೆಗೆ ಕೂತಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಕೈ ಹಿಡಿದು ಶಾಮಿಯಾನದ ಹಿಂದಕ್ಕೆ, ಪಾತ್ರೆ ತೊಳೆಯುವವರ ಆಚೆಗೆ ಕರೆದುಕೊಂಡು ಹೋದಳು.

"ಮೇಡಂ, ಒಂದು ಮಾತು ಕೇಳ್ಬೇಕು. ಬೇರೆ ಯಾರ್ನ ಕೇಳ್ಬೇಕೋ ಗೊತ್ತಾಯ್ತಿಲ್ಲ."

"ಕೇಳು."

"ದಸರಾ ಆದ್ಮೇಲೆ ಒಂದಿನ ಡ್ರಾಯಿಂಗ್ ಸಾ ನಮ್ ಕೌಂಟರ್ ತಾವ ಬಂದಿದ್ರು. ಡಾಕ್ಟ್ರು ಬರೆದಿದ್ದ ಚೀಟಿ ಕೊಟ್ರು. ನಾನು 'ನಾಳೆ ಬನ್ನಿ' ಅಂದೆ. ತಮಾಸೆಗೆ ಮೇಡಂ, ನಮ್ಮವ್ವನಾಣೆಗೂ ತಮಾಸೆಗೆ. ಸಾ ನನ್ನ ಒಂದ್ಸಲ ನೋಡುದ್ರು. 'ಆಯ್ತಮ್ಮ' ಅಂದು ಚೀಟಿ ಎತ್ಕಂಡು ಒಂಟೋದ್ರು. ಆಮೇಲೆ ಬರ್ಲೇ ಇಲ್ಲ." ಅಂಗೈಯಿಂದ ಬಾಯಿ ಮೂಗು ಮುಚ್ಚಿ ತೋರಿಸಿದಳು. "ಮಾಸ್ಕ್ ಆಕ್ಕೊಂಡಿದ್ದೆ. ನನ್ ಗುರ್ತು ಸಿಗ್ದೆ ಒಂಟೋದ್ರಾ, ಸಿಕ್ಕಿದ್ರೂ ಒಂಟೋದ್ರಾ? ಅದೊಂದು ನಂಗೆ ಗೊತ್ತಾಗ್ಬೇಕು ಮೇಡಂ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಊಟ ಮಾಡು ಎಂದರೂ ಕೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದಳು.

ಕಾಯಿಲೆಯ ಮನುಷ್ಯನಿಗೆ ತಮಾಷೆಗೆ 'ನಾಳೆ ಬನ್ನಿ' ಎನ್ನುವವರು ಉಂಟೇ ಎಂದು ಯಾರಾದರೂ ಕೇಳಿಯಾರು. ಉಂಟು, ನಮ್ಮ ಶಾಲೆಯ ಮಕ್ಕಳು. ಅದನ್ನು ಕಲಿಸಿದವರೇ ಆ ಮೇಷ್ಟ್ರು.

ಅವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ನುಗ್ಗೇಹಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲು ನಮ್ಮದು. ನಾನು ಅಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇಬ್ಬರೂ ಚನ್ನರಾಯಪಟ್ಟಣದಿಂದ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಮೇಷ್ಟ್ರು ಸಣಕಲು ಮೈಯ ಎತ್ತರದ ಆಳು. ಅಂಗಿಯ ತೋಳನ್ನು ಯಾವಾಗಲೂ ಮೊಣಕೈವರೆಗೆ ಮಡಿಸಿರುತ್ತಿದ್ದರು. ಚಿತ್ರಗಾರರ ಶೋಕಿ ಇದ್ದೀತು ಎಂದುಕೊಂಡಿದ್ದೆ. ಆಮೇಲೆ ಅವರ ಮನೆಯವರು ಗುಟ್ಟು ಒಡೆದರು. ಯಾವ ಕಾಲದಲ್ಲೋ ದರ್ಜಿ ಅಳತೆ ತಪ್ಪಿ ತೋಳು ಉದ್ದ ಹೊಲಿದನಂತೆ. ಸರಿಮಾಡಿಕೊಡು ಎಂದು ಹೇಳಲು ಇವರಿಗೆ ಬಾಯಿ ಬರಲಿಲ್ಲ. ಅವನು ಅದೇ ಅಳತೆಯನ್ನು ಇಟ್ಟುಕೊಂಡು ವರ್ಷಗಟ್ಟಲೆ ಹಾಗೇ ಹೊಲಿದ. ಇವರು ವರ್ಷಗಟ್ಟಲೆ ಹಾಗೇ ಮಡಿಸಿಕೊಂಡರು.

ಬಸ್ಸಿನಲ್ಲೂ ಅದೇ ಕಥೆ. ನಮ್ಮ ಶಾಲೆಯ ಹತ್ತಿರ ನಿಲುಗಡೆಯ ಬೋರ್ಡಿಲ್ಲ, ಹೋಲ್ಡಾನ್ ಎಂದು ಕೂಗಿದರೆ ಡ್ರೈವರ್ ನಿಲ್ಲಿಸುತ್ತಾನೆ. ಕೂಗಲು ಅವರಿಗೆ ಆಗುತ್ತಿರಲಿಲ್ಲ. ಎದ್ದು ಬಾಗಿಲ ಬಳಿ ಹೋಗಿ ನಿಂತು, ಕಂಡಕ್ಟರನ ಮುಖವನ್ನು ದೀನವಾಗಿ ನೋಡುವರು. ಅವನು ಮೊಬೈಲಿನಲ್ಲಿದ್ದರೆ ಮುಗಿಯಿತು, ಮುಂದಿನ ಊರಿನಲ್ಲಿಳಿದು ಬಿಸಿಲಲ್ಲಿ ವಾಪಸ್ಸು ನಡೆದು ಬರುವರು. ನಾನು ಆ ಶಾಲೆಗೆ ಬಂದ ಮೇಲೆ ಇಬ್ಬರ ಪಾಲಿನದನ್ನೂ ನಾನೇ ಕೂಗುತ್ತಿದ್ದೆ. ನನ್ನ ಗಂಟಲು ಸ್ವಲ್ಪ ದೊಡ್ಡದು, ಅದರ ಬಗ್ಗೆ ನನಗೆ ನಾಚಿಕೆಯೇನಿಲ್ಲ.

ಇಂಥ ಮನುಷ್ಯ ವರ್ಷಕ್ಕೆ ಒಂದು ದಿನ ಮಾತ್ರ ಬೇರೆಯೇ ಅವತಾರ ಎತ್ತುತ್ತಿದ್ದರು. ಎಸ್ಸೆಲ್ಸಿ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲಿನ ಶನಿವಾರ ಅದು. ನಮ್ಮಲ್ಲಿ ಅದಕ್ಕೆ ಕಿಟಕಿ ಶನಿವಾರ ಎಂದೇ ಹೆಸರು.

ಬಿಸಿಯೂಟದ ಅಕ್ಕಿ, ಬೇಳೆ ಇಡುವ ಉಗ್ರಾಣಕ್ಕೆ ಜಗಲಿಯ ಕಡೆ ಒಂದು ಚಿಕ್ಕ ಕಂಬಿಯ ಕಿಟಕಿಯಿದೆ. ಅದರ ಮೇಲೆ 'ವಿಚಾರಣೆ' ಎಂದು ತಾವೇ ಬರೆದ ಬೋರ್ಡು ನೇತುಹಾಕಿ, ಒಳಗೆ ಮೇಜು ಹಾಕಿಕೊಂಡು ಮೇಷ್ಟ್ರು ಗುಮಾಸ್ತರಾಗಿ ಕೂರುವರು. ಕನ್ನಡಕ ಮೂಗಿನ ತುದಿಗೆ ಇಳಿದಿರುತ್ತಿತ್ತು. ಕಿವಿಗೊಂದು ಮೊಬೈಲು, ಕೈಯಲ್ಲಿ ಟೀ ಲೋಟ. ಹೊರಗೆ ಹತ್ತನೇ ಕ್ಲಾಸಿನ ಮಕ್ಕಳ ಸಾಲು. ಕಾಲೇಜಿನ ಅಡ್ಮಿಷನ್ನು, ಹಾಸ್ಟೆಲ್ ಸೀಟು, ಆದಾಯದ ಸರ್ಟಿಫಿಕೇಟು, ಹೀಗೆ ಒಬ್ಬೊಬ್ಬರದು ಒಂದೊಂದು ಕೆಲಸ. ಮಗು ಏನೇ ಕೇಳಲಿ, ಮೇಷ್ಟ್ರು ತಲೆ ಎತ್ತದೆ ಒಂದೇ ಮಾತು ಹೇಳುವರು: "ನಾಳೆ ಬಾ."

ಮಗು ಕೂಗಾಡಬಾರದು, ಅಳಬಾರದು, ಹಾಗೇ ಹೋಗಲೂಬಾರದು. ನಾಳೆ ಎಷ್ಟೊತ್ತಿಗೆ ಬರಲಿ, ಬಂದು ಯಾರನ್ನು ಕೇಳಲಿ, ಬರುವಾಗ ಏನು ತರಲಿ. ಈ ಮೂರು ಮಾತು ಕೇಳಿ ಉತ್ತರ ತೆಗೆದುಕೊಂಡೇ ಕಿಟಕಿ ಬಿಡಬೇಕು. ಮೂರೂ ಕೇಳಿದ ತಕ್ಷಣ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಎದ್ದು ನಿಲ್ಲುತ್ತಿದ್ದರು. ಕೈ ಮುಗಿದು, "ಬನ್ನಿ, ಒಳಗೆ ಬಂದು ಕೂತ್ಕೊಳ್ಳಿ," ಎನ್ನುತ್ತಿದ್ದರು. ಹದಿನೈದು ವರ್ಷದ ಕೂಸಿಗೆ ಬನ್ನಿ, ಕೂತ್ಕೊಳ್ಳಿ! ಹೆಡ್ ಮಾಸ್ಟ್ರ ಕೈಯಿರುವ ಕುರ್ಚಿಯನ್ನೇ ಒಳಗೆ ಹಾಕಿಸಿರುತ್ತಿದ್ದರು. ಮಗು ಅದರಲ್ಲಿ ಕೂತು ಟೀ ಕುಡಿದು ಬರಬೇಕು. ಹಾಗೆ ಕೂತು ಬಂದವರ ಮುಖ ನೋಡಬೇಕಿತ್ತು.

ಮೊದಲ ವರ್ಷ ನನಗೆ ಇದು ಹುಚ್ಚಾಟ ಎನಿಸಿತ್ತು. ಪರೀಕ್ಷೆ ಕುತ್ತಿಗೆಗೆ ಬಂದಿದೆ, ಇವರು ನಾಟಕ ಆಡಿಸುತ್ತಾರಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಗಳಕ್ಕೇ ಹೋದೆ. ವಿದ್ಯುತ್ತಿನ ಪಾಠ ಇನ್ನೂ ಅರ್ಧ ಉಳಿದಿದೆ, ಶನಿವಾರ ನನಗೆ ಬೇಕು ಎಂದೆ.

"ಆಯ್ತು ಮೇಡಂ, ನೀವೇ ತಗೊಳ್ಳಿ," ಎಂದುಬಿಟ್ಟರು.

ಜಗಳಕ್ಕೆ ಸಿದ್ಧಳಾಗಿ ಹೋದವಳಿಗೆ ಹೀಗಾದರೆ ಎಷ್ಟು ಕೋಪ ಬರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಕೊನೆಗೆ ಹೆಡ್ ಮಾಸ್ಟ್ರು ನಡುವೆ ಬಂದು, "ಮೇಡಂ, ವರ್ಷದ ಶನಿವಾರವೆಲ್ಲ ನೀವೇ ಇಟ್ಕೊಳ್ಳಿ, ಇದೊಂದು ಅವರಿಗೆ ಬಿಡಿ," ಎಂದರು. ಅವತ್ತು ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಮೇಷ್ಟ್ರು ತಾವಾಗಿಯೇ ಮಾತು ತೆಗೆದರು.

"ನಮ್ ಕಡೆ ಇಂದೆಲ್ಲ ಬಾಗ್ಲು ಮೇಲೆ 'ನಾಳೆ ಬಾ' ಅಂತ ಬರೀತಿದ್ರಲ್ಲ ಮೇಡಂ. ರಾತ್ರಿ ಎಸ್ರಿಡಿದು ಕೂಗೋ ದೆವ್ವ ಅದನ್ನ ಓದ್ಕಂಡು ವಾಪಸ್ ಓಗ್ಲಿ ಅಂತ. ದೆವ್ವ ಪಾಪ, ಓಯ್ತಿತ್ತು. ನಮ್ ಮಕ್ಳೂ ಓಯ್ತವೆ. ಅದುಕ್ಕೇ ಇದು."

ಮಾರನೆಯ ವರ್ಷ ನನ್ನನ್ನೂ ಎಳೆದುಕೊಂಡರು. ಪಕ್ಕದ ಕೌಂಟರಿನಲ್ಲಿ ಕೂತು, "ಇಲ್ಲಲ್ಲ, ಆ ಕಡೆ ಹೋಗು," ಎನ್ನುವ ಹೆಂಗಸಿನ ಪಾತ್ರ. ಅದಕ್ಕೆ ನನಗೆ ತಾಲೀಮೇ ಬೇಕಾಗಲಿಲ್ಲ ಎಂದು ಸಹೋದ್ಯೋಗಿಗಳು ಇಂದಿಗೂ ಆಡಿಕೊಳ್ಳುತ್ತಾರೆ. ಹೆಡ್ ಮಾಸ್ಟ್ರು ಬಾಗಿಲಲ್ಲಿ ಅಟೆಂಡರ್. ಪಿ.ಟಿ. ಮೇಷ್ಟ್ರು ವಿಷಲ್ ಊದುವ ಸೆಕ್ಯೂರಿಟಿ. ಬಿಸಿಯೂಟದ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲು ಮುರಿದು ಮುಂದೆ ನುಗ್ಗುವವಳು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ಸಾಲಿನಲ್ಲಿ ನಿಲ್ಲದೆ ಸೀದಾ ಒಳಗೆ ಹೋಗುವ ದೊಡ್ಡ ಮನುಷ್ಯನ ವೇಷ. ಅವರಿಗೆ ಅದು ವೇಷ ಎಂದು ಅನಿಸುತ್ತಿತ್ತೋ ಇಲ್ಲವೋ ಕಾಣೆ.

ತೋಟ, ಗದ್ದೆ, ಟ್ರ್ಯಾಕ್ಟರು ಇರುವ ಮನೆಯ ಒಬ್ಬ ಹುಡುಗ ಒಮ್ಮೆ ಕಿಟಕಿಯ ಮುಂದೆ ಎದೆ ಸೆಟೆಸಿ ನಿಂತ. ನಾಳೆ ಬಾ ಎಂದದ್ದೇ, "ನಮ್ಮಪ್ಪಂಗೆ ಫೋನ್ ಮಾಡ್ತೀನಿ ಸಾ," ಎಂದ.

"ನಿಮ್ಮಪ್ಪನ ಫೋನು ಸ್ವಿಚ್ ಆಫ್ ಆಗೈತೆ. ಮುಂದೆ?"

ಹುಡುಗ ಕಕ್ಕಾಬಿಕ್ಕಿ. ಸಾಲೆಲ್ಲ ಗೊಳ್ಳೆಂದು ನಕ್ಕಿತು. ಅವನು ಬೆವರೊರೆಸಿಕೊಂಡು ಮೂರು ಮಾತು ಕೇಳುವಷ್ಟರಲ್ಲಿ ಪ್ರಾರ್ಥನೆಗೆ ಹಾಕಿಕೊಂಡು ಬಂದಿದ್ದ ಇಸ್ತ್ರಿಯೆಲ್ಲ ಹೋಗಿತ್ತು. ಅದೇ ಹುಡುಗನ ತಂದೆ ಸಂಜೆ ಬಂದು, ಎಲ್ಲರನ್ನೂ ಅದೇ ಕುರ್ಚಿಯಲ್ಲಿ ಕೂರಿಸುತ್ತೀರಂತೆ ಎಂದು ಮೆಲ್ಲಗೆ ಕೇಳಿದರು. ಯಾವ 'ಎಲ್ಲರ' ಬಗ್ಗೆ ಕೇಳುತ್ತಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಮೇಷ್ಟ್ರು ನೆಲ ನೋಡುತ್ತಾ, "ಕುರ್ಚಿ ಒಂದೇ ಇರಾದು ಸಾ," ಎಂದರು. ಅವರು ಎದುರುತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನನ್ನು ಪ್ರಶ್ನೆ ಕೇಳಿದ ಹುಡುಗಿ ಆ ಎಲ್ಲರಲ್ಲಿ ಒಬ್ಬಳು. ಊರಾಚೆಯ ಕಾಲೊನಿಯವಳು, ಅಪ್ಪ ಗಾರೆ ಕೆಲಸಕ್ಕೆ ಹೋಗುವವನು. ಮನೆಯ ಬಾಗಿಲಿಗೆ ಬುದ್ಧನ ಪಟ ಹಾಕಿದ್ದರು. ಕ್ಲಾಸಿನಲ್ಲಿ ನಾನು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಡೆಸ್ಕಿನ ಮರವನ್ನು ಉಗುರಿನಿಂದ ಕೆರೆಯುತ್ತಾ ನಿಲ್ಲುತ್ತಿದ್ದಳು. ಅವಳ ವರ್ಷದ ಕಿಟಕಿ ಶನಿವಾರ ನನಗೆ ಚೆನ್ನಾಗಿ ನೆನಪಿದೆ. ಮೇಷ್ಟ್ರು ನಾಳೆ ಬಾ ಎಂದರು. ಅವಳು ನಿಂತಳು. ಹೋಗಲೂ ಇಲ್ಲ, ಮಾತಾಡಲೂ ಇಲ್ಲ. ಮೇಷ್ಟ್ರು ಟೀ ಕುಡಿದರು, ಫೋನಿನಲ್ಲಿ ಇಲ್ಲದ ಯಾರ ಜೊತೆಗೋ ಮಾತಾಡಿದರು, ಪುಸ್ತಕ ತಿರುವಿ ಹಾಕಿದರು. ಹಿಂದಿದ್ದವರನ್ನು ನನ್ನ ಕಡೆಯ ಕೌಂಟರಿಗೆ ಕಳಿಸಿ ಮುಗಿಸಿದ್ದಾಯಿತು. ಎಲ್ಲರೂ ಊಟಕ್ಕೆ ಹೋದರು. ಅವಳು ಕಂಬಿ ಹಿಡಿದು ನಿಂತೇ ಇದ್ದಳು. ನನಗೆ ತಡೆಯಲಾಗದೆ, "ಸಾಕು ಬಿಡಿ ಮೇಷ್ಟ್ರೇ, ಮಗು ಹಸಿದಿದೆ," ಎಂದೆ. ಮೇಷ್ಟ್ರು ನನ್ನತ್ತ ತಿರುಗಲಿಲ್ಲ. ಖಾಲಿಯಾಗಿದ್ದ ಲೋಟವನ್ನೇ ಎತ್ತಿ ಮತ್ತೆ ಕುಡಿದರು.

ಎಷ್ಟೋ ಹೊತ್ತಿನ ಮೇಲೆ, ಕೇಳಿಯೂ ಕೇಳದಂಥ ದನಿಯಲ್ಲಿ ಬಂತು: "ನಾಳೆ ಅಂದ್ರೆ ಎಷ್ಟೊತ್ಗೆ ಸಾ?"

ಉಳಿದೆರಡು ಮಾತಿಗೆ ಮೇಷ್ಟ್ರು ಕಾಯಲಿಲ್ಲ. ಮೇಜಿಗೆ ಮೊಣಕಾಲು ಬಡಿಯುವ ಹಾಗೆ ಎದ್ದು ನಿಂತರು. "ಬನ್ನಿ ಅಮ್ಮ, ಬನ್ನಿ, ಕೂತ್ಕೊಳ್ಳಿ." ಅವಳು ಕುರ್ಚಿಯ ತುದಿಯಲ್ಲಿ ಕೂತು, ಆರಿಹೋದ ಟೀ ಕುಡಿದು, ಒಂದು ಸಲ ನಕ್ಕಳು. ಅಷ್ಟರಲ್ಲಿ ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದ ಅಪ್ಪ ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ. "ಸಾ, ನಾನೂ ಒಂದ್ಸಲ ನಿಂತ್ಕಂಡ್ ಕೇಳ್ಲಾ?" ಎಂದ. ಮೇಷ್ಟ್ರು ಮತ್ತೆ ಕನ್ನಡಕ ಇಳಿಸಿಕೊಂಡು ಕಿಟಕಿಗೆ ಕೂತರು. ಅವನೂ ಮೂರು ಮಾತು ಕೇಳಿ, ಒಳಗೆ ಬಂದು, ಅದೇ ಕುರ್ಚಿಯಲ್ಲಿ ಕೂತ.

ಆ ಜೂನಿನಲ್ಲಿ ಹೆಡ್ ಮಾಸ್ಟ್ರ ಫೋನಿಗೆ ಹಾಸನದಿಂದ ಅವಳ ಕರೆ ಬಂತು. ಹಾಸ್ಟೆಲಿನಲ್ಲಿ ಸೀಟಿಲ್ಲ, ನಾಳೆ ಬಾ ಎಂದರಂತೆ. ಇವಳು ಮೂರೂ ಕೇಳಿದಳಂತೆ. ಮಾರನೆಯ ದಿನ ಅವರು ಹೇಳಿದ ಹೊತ್ತಿಗೆ ಹೋಗಿ, ಹೇಳಿದವರನ್ನೇ ಕೇಳಿ, ಸೀಟು ತೆಗೆದುಕೊಂಡಳಂತೆ. "ಡ್ರಾಯಿಂಗ್ ಸಾಗೆ ಏಳ್ಬುಡಿ ಸಾ, ಕೇಳ್ದೆ ಅಂತ!" ಎಂದು ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕಿರುಚುತ್ತಿದ್ದಳು. ಮೇಷ್ಟ್ರು ಅವತ್ತು ಸ್ಟಾಫ್ ರೂಮಿಗೆಲ್ಲ ಬಾಳೆಹಣ್ಣು ಹಂಚಿದರು. ಕರೆಯನ್ನು ಹೆಡ್ ಮಾಸ್ಟ್ರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿ ಕೇಳಿದರು.

ಇಷ್ಟೆಲ್ಲ ಕಲಿಸುವ ನೀವು ಬಸ್ಸಿನಲ್ಲಿ ಹೋಲ್ಡಾನ್ ಎನ್ನಲಾರಿರಲ್ಲ ಎಂದು ನಾನು ಒಮ್ಮೆ ರೇಗಿಸಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ್ದು ಇಷ್ಟು. ಅವರ ಊರು ಅರಕಲಗೂಡಿನ ಆಚೆ. ಪಿಯುಸಿ ಆದ ಮೇಲೆ ಚಿತ್ರಕಲೆ ಕಲಿಯುವ ಆಸೆಯಿಂದ ಮೈಸೂರಿಗೆ ಹೋದರು. ಕಾಲೇಜಿನ ಕಿಟಕಿಯಲ್ಲಿದ್ದವನು ತಲೆ ಎತ್ತದೆ ನಾಳೆ ಬಾ ಎಂದ. ರಾತ್ರಿ ಉಳಿಯಲು ಮೈಸೂರಿನಲ್ಲಿ ಯಾರೂ ಇರಲಿಲ್ಲ. ಬಸ್ಸು ಹತ್ತಿ ಊರಿಗೆ ಬಂದು, ಸೀಟು ಮುಗಿದಿದ್ದವಂತೆ ಎಂದು ಅವ್ವನಿಗೆ ಹೇಳಿದರು.

"ಎಷ್ಟೊತ್ಗೆ ಸಾ ಅಂತ ಕೇಳಿದ್ರೆ, ಸಾಯಂಕಾಲ ಬಾರೋ ಅಂತಿದ್ನೇನೋ ಮೇಡಂ. ಒಂದು ಮಾತು. ಬರ್ಲಿಲ್ಲ."

"ಈಗ ಬರುತ್ತಾ?" ಎಂದೆ. ನಾನು ಇಂಥ ಮಾತನ್ನು ಕೇಳದೆ ಬಿಡುವವಳಲ್ಲ.

ಅವರು ನಕ್ಕರು, ಅಷ್ಟೆ. ಮನೆಗೆ ಹೋದಾಗ ಅವರ ಹೆಂಡತಿ ನೇರವಾಗಿ ಉತ್ತರ ಕೊಟ್ಟರು. "ಕಿಟಕಿ ಇಂದ್ಗಡೆ ಕೂತ್ರೆ ಉಲಿ ಮೇಡಂ, ಮುಂದ್ಗಡೆ ನಿಂತ್ರೆ ಇಲಿ. ರೇಸನ್ ಅಂಗ್ಡೀಗೂ ನಾನೇ ಓಗ್ಬೇಕು." ಮೇಷ್ಟ್ರು ಒಳಗಿನಿಂದ ಕಾಫಿ ತರುತ್ತಾ ಅದನ್ನು ಒಪ್ಪಿಕೊಂಡವರಂತೆ ತಲೆಯಾಡಿಸಿದರು. ಆ ಮನೆಯಲ್ಲಿ ನನಗೆ ಯಾವಾಗಲೂ ನಗುವೇ ಸಿಗುತ್ತಿತ್ತು.

ನಿವೃತ್ತಿಯ ದಿನ ಮೈಕಿನ ಮುಂದೆ ನಿಲ್ಲಿಸಿದರೆ, "ಎಲ್ರಿಗೂ ನಮಸ್ಕಾರ," ಎಂದು ಹೇಳಿ ಬಂದು ಕೂತುಬಿಟ್ಟರು. ಭಾಷಣ ಮಾಡಲಾಗದಿದ್ದರೂ ಕಿಟಕಿ ಶನಿವಾರಕ್ಕೆ ಮಾತ್ರ ತಪ್ಪದೆ ಬರುತ್ತಿದ್ದರು. ಕೊನೆಯ ಸಲ ಬಂದಾಗ ಟೀ ಬೇಡವೆಂದು ಬಿಸಿನೀರು ಕೇಳಿದರು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ ಎಂದರು. ಚಳಿ ಕಳೆದ ಮೇಲೆ ಹೋದೀತು ಎಂದು ನಾವೂ ಅಂದುಕೊಂಡೆವು.

ಚಳಿ ಹೋಯಿತು, ಅದು ಹೋಗಲಿಲ್ಲ. ದಸರೆಯ ಹೊತ್ತಿಗೆ ಅನ್ನ ನುಂಗುವುದು ಕಷ್ಟವಾಯಿತು. ಪಟ್ಟಣದ ಡಾಕ್ಟರು ಹಾಸನಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಎಂದು ಚೀಟಿ ಬರೆದರು. ಹೆಂಡತಿಗೆ ಮಂಡಿನೋವು, ಜೊತೆಗೆ ಹೋಗಲಾಗಲಿಲ್ಲ. ನಾನು ಶಾಲೆಯಲ್ಲಿದ್ದೆ, ನನಗೆ ಸುದ್ದಿಯೇ ಇರಲಿಲ್ಲ. ಒಬ್ಬರೇ ಹೋದರು.

ಕಿಟಕಿಯಲ್ಲಿದ್ದವಳು ಈ ಹುಡುಗಿ. ಸಾಲಿನಲ್ಲಿ ದೂರದಿಂದಲೇ ಮಡಿಸಿದ ತೋಳು ಕಂಡು ಗುರುತು ಹಿಡಿದಳಂತೆ. ಅವತ್ತೇ ಸ್ಕ್ಯಾನಿಂಗ್ ಮಾಡಿಸಿ ಕಳಿಸಬೇಕೆಂದು ಅವರು ಹತ್ತಿರ ಬರುವ ಮೊದಲೇ ಒಳಗೆ ಫೋನ್ ಮಾಡಿ ಹೇಳಿಯೂ ಇಟ್ಟಿದ್ದಳು. ಮೇಷ್ಟ್ರ ಸರದಿ ಬಂದಾಗ, ಅವರ ಹಾಗೇ ಕನ್ನಡಕ ಮೂಗಿನ ತುದಿಗೆ ಇಳಿಸಿ, ತಲೆ ಎತ್ತದೆ, ನಾಳೆ ಬನ್ನಿ ಎಂದಳು. ಕಾಲಿನಿಂದ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಏಳಲು ತಯಾರಾಗಿದ್ದಳು. ಅವರು ಎಷ್ಟೊತ್ತಿಗೆ ಎಂದು ಕೇಳಬೇಕು, ಇವಳು ಎದ್ದು ಕೈ ಮುಗಿದು ಬನ್ನಿ ಸಾ, ಕೂತ್ಕೊಳ್ಳಿ ಎನ್ನಬೇಕು. ಅಷ್ಟೇ ಅವಳ ಆಸೆ. ಆ ಕಿಟಕಿಯಲ್ಲಿ ಕೂತ ದಿನದಿಂದ ಅದಕ್ಕೇ ಕಾಯುತ್ತಿದ್ದಳು.

ಅವರು ಆಯ್ತಮ್ಮ ಎಂದು ತಿರುಗಿದಾಗ ಇವಳು ಮೊದಲು ನಕ್ಕಳಂತೆ. ಮೇಷ್ಟ್ರೂ ನಾಟಕ ಆಡುತ್ತಿದ್ದಾರೆ, ಈಗ ತಿರುಗಿ ಬರುತ್ತಾರೆ ಎಂದುಕೊಂಡಳು. ಅಷ್ಟರಲ್ಲಿ ಸ್ಟ್ರೆಚರಿನಲ್ಲಿ ಯಾರನ್ನೋ ತಂದರು, ಕೌಂಟರು ಬಿಡಲಾಗಲಿಲ್ಲ. ಓಡಿ ಗೇಟಿಗೆ ಬರುವ ವೇಳೆಗೆ ಅವರಿರಲಿಲ್ಲ. ಹಳೆಯ ಗೆಳತಿಯರನ್ನು ಕೇಳಿ ನಂಬರು ಹುಡುಕಿ ಫೋನ್ ಮಾಡಿದಳು, ದಿನವೂ ಮಾಡಿದಳು. ಗೊತ್ತಿಲ್ಲದ ನಂಬರನ್ನು ಮೇಷ್ಟ್ರು ಎತ್ತುವುದಿಲ್ಲವೆಂದು ಪಾಪ ಅವಳಿಗೇನು ಗೊತ್ತು? ಸಾಲ ಬೇಕಾ ಎಂದು ಯಾರೋ ಫೋನ್ ಮಾಡಿದರೆ ಬೇಡ ಎನ್ನಲಾಗದೆ ಅರ್ಧ ಗಂಟೆ ಕೇಳಿಸಿಕೊಳ್ಳುತ್ತಿದ್ದ ಮನುಷ್ಯ ಅವರು. ಅದಕ್ಕೇ ಎತ್ತುವುದನ್ನೇ ಬಿಟ್ಟಿದ್ದರು.

ಚಳಿಗಾಲದಲ್ಲಿ ಅಳಿಯ ಬಲವಂತವಾಗಿ ಮೈಸೂರಿಗೆ ಕರೆದುಕೊಂಡು ಹೋದ. ಸ್ವಲ್ಪ ಮುಂಚೆ ಬರಬೇಕಿತ್ತು ಎಂದರಂತೆ ಅಲ್ಲಿಯ ಡಾಕ್ಟರು. ಮುಂಚೆ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಆಮೇಲೆ ಬೇರೊಬ್ಬ ಡಾಕ್ಟರನ್ನು ಕೇಳಿದೆ. ರೋಗ ಆಗಲೇ ಬಲಿತಿತ್ತು, ಹೇಳಲಾಗುವುದಿಲ್ಲ ಎಂದರು. ನಾನು ಕೊನೆಯ ಸಲ ನೋಡಿದಾಗ ಮೇಷ್ಟ್ರಿಗೆ ಮಾತು ನಿಂತಿತ್ತು. ಆಸ್ಪತ್ರೆಯ ಅಂಗಿಯ ತೋಳು ಮೊಣಕೈಗೂ ಬರುತ್ತಿರಲಿಲ್ಲ. ಅದನ್ನೇ ಮಡಿಸಲು ಹೋಗುತ್ತಿದ್ದರು. ನಾನು ಹೊರಗೆ ಬಂದು ಅತ್ತೆ.

ತಿಥಿಯ ನಂತರ ಹುಡುಗಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳು ಕೆಲಸಕ್ಕೆ ಹೋಗುತ್ತಿಲ್ಲ, ಕಿಟಕಿಯಲ್ಲಿ ಕೂರಲಾರೆ ಎನ್ನುತ್ತಿದ್ದಾಳೆ ಎಂದು ಅವಳಪ್ಪ ಬಂದು ಹೇಳಿಕೊಂಡ. ಒಂದು ಭಾನುವಾರ ಮೇಷ್ಟ್ರ ಮನೆಗೆ ಹೋಗಿ, ಹಾಸನದಿಂದ ಬಂದ ದಿನ ಅವರು ಏನಾದರೂ ಹೇಳಿದರೇ ಎಂದು ಅವರ ಹೆಂಡತಿಯನ್ನು ಕೇಳಿದೆ.

"ಏಳುದ್ರು ಮೇಡಂ. ಮೆಟ್ಲು ಮೇಲೇ ಕೂತ್ಕಂಡ್ರು. 'ನಮ್ ಉಡ್ಗಿ ಕಿಟಕೀಲಿ ಕೂತವಳೆ ಕಣೆ. ಎಷ್ಟ್ ಚೆನ್ನಾಗ್ ಕೂತವಳೆ' ಅಂದ್ರು. ಕಣ್ಣಲ್ ನೀರು. ಏನಂದ್ಲು ಅಂದೆ. 'ನಾಳೆ ಬನ್ನಿ ಅಂದ್ಲು. ನನ್ ಬಾಯಿಂದ ಬರ್ಲಿ ಅಂತ ಕಾಯ್ತಾವ್ಳೆ ಕಣೆ. ಕುರ್ಚಿ ಇಂದಕ್ ತಳ್ಳಿದ್ ಸದ್ದೂ ಕೇಳುಸ್ತು. ಮೂರೇ ಮಾತು, ನಾನೇ ಕಲ್ಸಿದ್ದು. ಗಂಟ್ಲಿಂದ ಈಚ್ಗೇ ಬರ್ಲಿಲ್ಲ' ಅಂದ್ರು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಾಳೆ ಓಗಿ, ನಾನೂ ಬತ್ತೀನಿ ಅಂದೆ. 'ಆ ಮಗೀನ್ ಮುಂದೆ ಯಾವ್ ಮಕ ಇಟ್ಕಂಡ್ ನಿಂತ್ಕಳ್ಲಿ? ನನ್ನೇನೋ ಅನ್ಕಂಡೈತೆ. ಎಲ್ಲಾದ್ರೂ ಓಗಾನ, ಅಲ್ಲಿಗ್ ಮಾತ್ರ ಬ್ಯಾಡ' ಅಂದ್ಬುಟ್ರು."

ಬಾಗಿಲ ಹೊರಗೆ ಬಂದ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು. "ಆ ಮಗೀಗೆ ಏಳದೋ ಬುಡದೋ ನಂಗ್ ತಿಳೀದು ಮೇಡಂ. ನೀವೇ ನೋಡಿ."

ನನಗೂ ತಿಳಿಯಲಿಲ್ಲ. ಮೇಷ್ಟ್ರು ನಿನ್ನ ಗುರುತು ಹಿಡಿದರು, ನಿನ್ನನ್ನು ನೋಡಿ ಹೆಮ್ಮೆಪಟ್ಟರು ಎಂದು ಹೇಳಬಹುದು. ಆದರೆ ಅಲ್ಲಿ ನೀನು ಇದ್ದದ್ದರಿಂದಲೇ ಅವರು ಮತ್ತೆ ಬರಲಿಲ್ಲ ಎಂದು ಇಪ್ಪತ್ತು ದಾಟಿದ ಹುಡುಗಿಗೆ ಯಾವ ಬಾಯಲ್ಲಿ ಹೇಳುವುದು? ಅರ್ಧ ಹೇಳಿ ಅರ್ಧ ನುಂಗಿಕೊಳ್ಳೋಣ ಎಂದು ತೀರ್ಮಾನಿಸಿದೆ.

ಈ ವರ್ಷ ಕಿಟಕಿ ಶನಿವಾರ ಬೇಡ ಎಂದುಕೊಂಡಿದ್ದೆವು. ಹತ್ತನೇ ಕ್ಲಾಸಿನವರು ಬಿಡಲಿಲ್ಲ. ಅಣ್ಣ ಅಕ್ಕಂದಿರು ಕೂತ ಕುರ್ಚಿ ನಮಗ್ಯಾಕಿಲ್ಲ ಎಂದು ಹೆಡ್ ಮಾಸ್ಟ್ರ ಬಾಗಿಲಲ್ಲಿ ನಿಂತರು. ಕೊನೆಗೆ ಒಳಗೆ ನಾನೇ ಕೂತೆ. ಮೇಷ್ಟ್ರು ಬರೆದ ಬೋರ್ಡು ಹಾಗೇ ಇತ್ತು. ಅಕ್ಕಿಚೀಲದ ವಾಸನೆ, ಕಂಬಿಯ ನೆರಳು, ಮೇಜಿನ ಮೇಲೆ ಅವರ ಲೋಟ ಇಟ್ಟ ಗುಂಡನೆಯ ಕಲೆ. ನಾಳೆ ಬಾ ಎಂದು ಮೊದಲನೆಯ ಮಗುವಿಗೆ ಹೇಳುವಾಗ ನನ್ನ ದೊಡ್ಡ ಗಂಟಲೂ ಕೈಕೊಟ್ಟಿತು. ಆಮೇಲೆ ಅಭ್ಯಾಸವಾಯಿತು.

ಸಾಲಿನ ಕೊನೆಯಲ್ಲಿ ಅವಳು ನಿಂತಿದ್ದಳು. ಸಮವಸ್ತ್ರದ ಮಕ್ಕಳ ಹಿಂದೆ, ಚೂಡಿದಾರ ಹಾಕಿಕೊಂಡು, ಬಗಲಿಗೆ ಬ್ಯಾಗು ಸಿಕ್ಕಿಸಿಕೊಂಡು. ಸರದಿ ಬಂದಾಗ ಎರಡೂ ಕೈಯಿಂದ ಕಂಬಿ ಹಿಡಿದಳು.

"ಮೇಡಂ, ಗೊತ್ತಾಯ್ತಾ?"

"ಗೊತ್ತಾಯ್ತು. ಗುರುತು ಹಿಡಿದ್ರು. ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಕೂತಿದ್ದಾಳೆ ಅಂತ ಮನೇಲಿ ಹೇಳಿ ಕಣ್ಣೀರು ಹಾಕ್ಕೊಂಡ್ರಂತೆ."

ಅವಳ ಕಣ್ಣು ತುಂಬಿತು. ಮುಖದಲ್ಲಿ ಏನೋ ಸಡಿಲವಾಯಿತು. ಇಷ್ಟಕ್ಕೆ ಮುಗಿಯಿತು, ದೇವರು ದೊಡ್ಡವನು ಎಂದುಕೊಂಡೆ. ಅವಳು ಕಂಬಿ ಬಿಡಲಿಲ್ಲ.

"ಮತ್ಯಾಕ್ ಒಂಟೋದ್ರು ಮೇಡಂ?"

ನಾನು ಮೇಜಿನ ಮೇಲಿನ ಕಾಗದ ಸರಿಮಾಡಿದೆ. ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ. ಆಮೇಲೆ ತಲೆ ಎತ್ತದೆ ಹೇಳಿದೆ:

"ನಾಳೆ ಬಾಮ್ಮ."

ಅದು ನಾಟಕವಾಗಿರಲಿಲ್ಲ. ಅವಳಿಗೂ ಅದು ಗೊತ್ತಾಯಿತು.

"ನಾಳೆ ಎಷ್ಟೊತ್ಗೆ ಬರ್ಲಿ ಮೇಡಂ?" ಎಂದಳು. ದನಿ ಸ್ಪಷ್ಟವಾಗಿತ್ತು. "ಬಂದು ನಿಮ್ಮನ್ನೇ ಕೇಳ್ಲಾ, ಬೇರೆ ಯಾರ್ನಾದ್ರೂ ಕೇಳ್ಬೇಕಾ? ಏನ್ ತರ್ಲಿ?"

ನಾನು ಕನ್ನಡಕ ತೆಗೆದಿಟ್ಟು ಎದ್ದು ನಿಂತೆ. "ಬನ್ನಿ ಅಮ್ಮ," ಎಂದೆ, "ಒಳಗೆ ಬಂದು ಕೂತ್ಕೊಳ್ಳಿ."

ಬಂದಳು. ಕುರ್ಚಿಯ ತುದಿಯಲ್ಲಿ ಅಲ್ಲ, ಪೂರ್ತಿಯಾಗಿ ಕೂತಳು. ಬಾಗಿಲು ಮುಂದೆ ಮಾಡಿ, ಮೇಷ್ಟ್ರ ಹೆಂಡತಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕುರ್ಚಿ ತಳ್ಳಿದ ಸದ್ದನ್ನೂ ಹೇಳಿದೆ. ಅವಳು ಅಳಲಿಲ್ಲ. ಟೀ ಕುಡಿದು ಮುಗಿಸಿ, ಲೋಟವನ್ನು ಮೇಜಿನ ಮೇಲಿನ ಆ ಕಲೆಯ ಮೇಲೇ ಇಟ್ಟಳು.

"ಅವ್ರು ಕೇಳೋಗಂಟ ನಾನ್ ಕಾಯ್ಬಾರ್ದಾಗಿತ್ತು ಮೇಡಂ," ಎಂದಳು ಕೊನೆಗೆ. "ಕೇಳಕ್ಕಾಗ್ದೇ ಇರೋರೂ ಬತ್ತಾರಲ್ವಾ ಕಿಟಕಿ ತಾವ? ಅವ್ರಿಗ್ ಆ ಮೂರು ಮಾತ್ನೂ ನಾವೇ ಮುಂದಾಗಿ ಏಳ್ಬೇಕು ಅಂತ ನಮ್ಗ್ಯಾಕೆ ಯಾರೂ ಏಳ್ಕೊಡ್ಲಿಲ್ಲ?"

ನಾಳೆ ಬಾ ಎಂದು ಅವಳಿಗೆ ಇನ್ನೊಂದು ಸಲ ಹೇಳುವ ಧೈರ್ಯ ನನಗಿರಲಿಲ್ಲ.